ಕೊಡಗಿನಿಂದ ಲಾ ಕಾಲೇಜಿಗೆ

1. ಅರಸನ ವ್ಯಾಜ್ಯ

ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡು, ಕಾಶಿಯಲ್ಲಿ ಹಲವು ವರ್ಷಗಳನ್ನು ನೂಕಿ, 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ ಸಂಗತಿಯು ವಾಚಕರಲ್ಲಿ ಹಲವರಿಗೆ ತಿಳಿದುದೇ ಆಗಿದೆ. ಅದೇ ವರ್ಷ ಆ ಬಾಲಿಕೆಗೆ ಕ್ರೈಸ್ತ ದೀಕ್ಷೆಯಾಯಿತೆಂಬುದನ್ನೂ, ವಿಕ್ಟೋರಿಯಾ ರಾಣಿಯು ಅವಳಿಗೆ ಧರ್ಮಮಾತೆಯಾಗಿ ನಿಂತಳೆಂಬುದನ್ನೂ ನಮ್ಮ ಹಿರಿಯರು ಕಥೆಯಂತೆ ಹೇಳುತ್ತಿದ್ದುದುಂಟು. ಆದರೆ ಅರಸನು ಅಷ್ಟು ದೂರ ಹೋದುದಕ್ಕೆ ಮತ್ತೊಂದು ಉದ್ದೇಶವಿದ್ದಿತು. ತನ್ನ ಮನೆತನದವರು ಕಂಪೆನಿ ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣವನ್ನು ಹಿಂದಕ್ಕೆ ಪಡೆಯಬೇಕೆಂದು ಅವನು ಅಲ್ಲಿಯ ಛಾನ್ಸರಿ ನ್ಯಾಯಾಲಯದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಮೇಲೆಯೇ ದಾವೆ ಹೂಡಿದನು. 1859ರಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡನು. ಮರುವರ್ಷ ತೀರ್ಪು ಹೊರಬಿದ್ದಿತು. ರಾಜ್ಯವನ್ನು ವಶಪಡಿಸಿಕೊಂಡುದು ಕಂಪೆನಿಯು ಸಾರ್ವಭೌಮ ಶಕ್ತಿಯಾಗಿ ಮಾಡಿದ ಕಾರ್ಯವಾದುದರಿಂದ ಅದನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು.

ಆ ವ್ಯಾಜ್ಯದಲ್ಲಿ ಕಕ್ಷಿಗಾರನು ಕೊಡಗಿನವನು. ವ್ಯಾಜ್ಯದ ಮೂಲವೂ ಕೊಡಗಿನದು. ವಾದಿಸಿದವರು ಮಾತ್ರ ಪರನಾಡಿನವರು. ಕೊಡಗಿನ ನುಡಿಯನ್ನಾಗಲಿ ನಡೆವಳಿಕೆಯನ್ನಾಗಲಿ ಹುಟ್ಟಿನಿಂದ ಬಲ್ಲ ನ್ಯಾಯವಾದಿಯೊಬ್ಬನು ಆ ಕಾಲದಲ್ಲಿ ದೊರೆಯುವ ಸಂಭವವೇ ಇರಲಿಲ್ಲ. ಅಂಥವನಿದ್ದರೂ ತೀರ್ಪು ಬೇರೆಯಾಗುತ್ತಿದ್ದಿತೆಂದು ಹೇಳಲು ಬಾರದು. ಆದರೆ ಹೊಸ ಆಳ್ವಿಕೆಯಲ್ಲಿ ಸೊತ್ತೂ ಮಾನವೂ ಕಾಯಿದೆಯ ಮಾತಿನ ಮೇಲೆ ನಿಲ್ಲುವುದೆಂಬುದಕ್ಕೂ, ಆ ಮಾತನ್ನು ಬಲ್ಲವರು ನಾಡಿನಲ್ಲಿಯೇ ಹುಟ್ಟಿಬರಬೇಕೆಂಬುದಕ್ಕೂ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಅನಂತರದ ಕಾಲದಲ್ಲಿ ಕೊಡಗಿನ ಮಕ್ಕಳು ಲಾ ಕಾಲೇಜಿನ ಬಾಗಿಲನ್ನು ಹೇಗೆ ಮುಟ್ಟಿದರೆಂಬುದು ವಿಚಾರಾರ್ಹವಾದ ವಿಷಯವಾಗಿದೆ. ಆ ದಾರಿಯು ಒಂದೇ ನೆಗೆತದ ದಾರಿಯಾಗಿರಲಿಲ್ಲ. ಹತ್ತಿರದ ಚಿಕ್ಕ ಕಾಲೇಜಿನಲ್ಲಿ ಎರಡು ವರ್ಷ, ದೂರದ ದೊಡ್ಡ ಕಾಲೇಜಿನಲ್ಲಿ ಎರಡು ವರ್ಷ, ಆಮೇಲೆ ಕಾಯಿದೆಯ ವ್ಯಾಸಂಗ, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಅದು ಏರಿಹೋಗಿದ್ದಿತು.

2. ತಕ್ಕರ ಕಟ್ಟೆಯಿಂದ ಕಚೇರಿಗೆ

ಹಿಂದೆ ಕೊಡಗಿನಲ್ಲಿ ಊರಿನ ಜಗಳಗಳನ್ನು ತಕ್ಕರೂ ನಾಡಿನ ಹಿರಿಯರೂ ಕೂಡಿ ತೀರಿಸುತ್ತಿದ್ದರು. ಒಕ್ಕದೊಳಗಿನ ವ್ಯಾಜ್ಯವು ಪಟ್ಟೇದಾರನ ಮುಂದೆ ಮುಗಿಯುತ್ತಿದ್ದಿತು. ಅಲ್ಲಿ ಮುಗಿಯದುದು ತಕ್ಕರ ಮುಂದೆ ಬರುತ್ತಿದ್ದಿತು. ಅಲ್ಲಿ ಸಾಕ್ಷಿಯೆಂದರೆ ನೆನಪು, ಕಾಯಿದೆಯೆಂದರೆ ನಡೆವಳಿಕೆ. ಇಂಗ್ಲಿಷರ ಆಳ್ವಿಕೆ ಬಂದಮೇಲೆ ತಾಲ್ಲೂಕಿಗೆ ಸುಬೇದಾರರೂ ನಾಡುಗಳಿಗೆ ಪಾರುಪತ್ಯಗಾರರೂ ಇದ್ದು, ಕಂದಾಯದೊಡನೆ ಚಿಕ್ಕ ವ್ಯಾಜ್ಯಗಳ ವಿಚಾರಣೆಯೂ ಸುಬೇದಾರರ ಪಾಲಿಗೆ ಬಂದಿತು. ಕಚೇರಿಯ ಭಾಷೆಯು ಅರಸರ ಕಾಲದಂತೆ ಕನ್ನಡವಾಗಿಯೇ ಉಳಿಯಿತು. ಆದರೆ ಮೇಲಿನ ಅಧಿಕಾರಿಗಳ ತೀರ್ಮಾನಗಳೂ ಹೊಸ ಕಾಯಿದೆಗಳೂ ಇಂಗ್ಲಿಷಿನಲ್ಲಿದ್ದುವು. ಕನ್ನಡದಲ್ಲಿ ಹೇಳಿಕೆ ಕೊಟ್ಟ ರೈತನು ತನ್ನ ಗದ್ದೆಯ ಅಪ್ಪೀಲು ಯಾವ ಕಾರಣದಿಂದ ಬಿದ್ದುಹೋಯಿತೆಂಬುದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿದ್ದಿತು.

ಕೊಡಗಿನ ಭೂಮಿಯ ಹಿಡುವಳಿಯೂ ಸುಲಭವಾದುದಲ್ಲ. ಸೈನಿಕಸೇವೆಯ ಹೊಣೆಯನ್ನು ಹೊತ್ತು ಅರ್ಧ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಅನುಭವಿಸುವ ಜಮ್ಮಾ ಭೂಮಿ ಒಂದು. ಪೂರ್ಣ ಕಂದಾಯದ ಸಾಗು ಭೂಮಿ ಇನ್ನೊಂದು. ಗದ್ದೆಗೆ ಸೇರಿದಂತೆ ಸೊಪ್ಪು ಸೌದೆ ಮೇವುಗಳಿಗಾಗಿ ಬಿಟ್ಟ ಬಾಣೆ, ಊರಿನವರೆಲ್ಲರೂ ಕಾಯುವ ದೇವರ ಕಾಡು, ಇವುಗಳಲ್ಲಿ ಒಂದೊಂದರ ಹಕ್ಕೂ ಬೇರೆ ಬೇರೆ. ಒಕ್ಕದ ಆಸ್ತಿಯು ಪಾಲಾಗಬಾರದೆಂಬ ಹಳೆಯ ನಡೆವಳಿಕೆಯು ಇವೆಲ್ಲವುಗಳ ಮೇಲೆ ನಿಂತಿದ್ದಿತು. ಇಷ್ಟನ್ನೂ ಕಾಗದದ ಮೇಲೆ ಸ್ಥಾಪಿಸಬೇಕಾದರೆ ಬರಿಯ ನೆನಪು ಸಾಲದೆ ಹೋಯಿತು.

ಈ ಮಾರ್ಪಾಡು ಸಿದ್ದಾಪುರದ ಸುತ್ತಲಿನ ಸೀಮೆಯಲ್ಲಿ ಬಹು ಸ್ಪಷ್ಟವಾಗಿ ಕಾಣಬರುತ್ತದೆ. ಕಾವೇರಿಯ ದಡದ ಈ ಊರಿನಿಂದ ಪಾಲಿಬೆಟ್ಟದವರೆಗಿನ ಭೂಮಿಯಲ್ಲಿ ಹಿಂದೆ ಬಿದಿರು ದಟ್ಟವಾಗಿ ಬೆಳೆದಿದ್ದುದರಿಂದ ಪರಂಗಿಯ ತೋಟಗಾರರು ಇದನ್ನು ಬಿದಿರಿನ ಸೀಮೆಯೆಂದೇ ಕರೆಯುತ್ತಿದ್ದರು. 1854ರಲ್ಲಿ ಫೌಲರ್ ಎಂಬಾತನು ಮಡಿಕೇರಿಯ ಬಳಿ ಮೊದಲನೆಯ ಪರಂಗಿ ಕಾಫಿತೋಟವನ್ನು ತೆರೆದ ತರುವಾಯ ತೋಟಗಳು ಈ ಕಡೆಗೂ ಹಬ್ಬಿದುವು. ಬಿದಿರು ಹೋಗಿ ಕಾಫಿ ಬಂದಿತು. ಕಾಫಿಯ ಹಿಂದೆ ಕರಾರುಪತ್ರ, ಗುತ್ತಿಗೆಪತ್ರ, ಅಡಮಾನ, ಮೇಸ್ತ್ರಿಯ ಮುಂಗಡದ ಲೆಕ್ಕ ಇವೆಲ್ಲವೂ ಬಂದುವು. ಮಲಬಾರಿನಿಂದಲೂ ತಮಿಳುನಾಡಿನಿಂದಲೂ ಮೈಸೂರು ಸೀಮೆಯಿಂದಲೂ ಬಂದ ಕೂಲಿಯಾಳುಗಳು ತೋಟದ ಲೈನುಮನೆಗಳಲ್ಲಿ ನೆಲಸಿದರು. ಕಾಡಿನಲ್ಲಿ ಮೊದಲಿನಿಂದಲೂ ಇದ್ದ ಜೇನುಕುರುಬರೂ ಎರವರೂ ತಾವು ಹುಟ್ಟಿದ ನೆಲದಲ್ಲಿಯೇ ಪತ್ರವಿಲ್ಲದವರಾದರು. ಕಾಗದವುಳ್ಳವನಿಗೂ ಇಲ್ಲದವನಿಗೂ ಇರುವ ಭೇದವು ಅಂದಿನಿಂದ ಈ ಸೀಮೆಯ ಬಾಳಿನ ಮುಖ್ಯ ಭೇದವಾಯಿತು.

3. ಶಾಲೆಗಳ ಕಾಲ

ಸಿದ್ದಾಪುರದ ಸಮೀಪದ ಆನಂದಪುರದಲ್ಲಿ 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯು ಒಂದು ನೆಲೆಯನ್ನು ಕಟ್ಟಿದನು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲನೆಯ ಪತ್ರಿಕಾಕರ್ತನೆನಿಸಿದವನು ಇವನೇ. ಅವನ ಬಳಿಕ ಕೊಡಗಿಗೆ ಬಂದ ಜಿ. ರಿಕ್ಟರ್ ಪಾದ್ರಿಯು ಮಡಿಕೇರಿಯ ಇಂಗ್ಲಿಷು ಶಾಲೆಯನ್ನು ಬಹುಕಾಲ ನಡೆಯಿಸಿ, 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದನು. ಈ ಶಾಲೆಯು ಕಾಲಕ್ರಮದಲ್ಲಿ ಹೈಸ್ಕೂಲಾಗಿ, ಅಲ್ಲಿಯ ಹುಡುಗರು ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂಡತೊಡಗಿದರು. ಮುಂದೆ ಸೇನಾಧಿಪತಿಯಾದ ಕಾರ್ಯಪ್ಪನವರು ಸಹ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದವರು.

ಮೆಟ್ರಿಕ್ಯುಲೇಷನ್ ಆದಮೇಲೆ ಏನು? ಕೊಡಗಿನಲ್ಲಿ ಹೈಸ್ಕೂಲೇ ಕೊನೆಯ ಮೆಟ್ಟಿಲು. 1949ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ತೆರೆಯುವವರೆಗೆ ಇಡೀ ಪ್ರಾಂತದಲ್ಲಿ ಒಂದೇ ಒಂದು ಕಾಲೇಜೂ ಇರಲಿಲ್ಲ. ಓದನ್ನು ಮುಂದುವರಿಸಬೇಕೆಂಬ ಹುಡುಗನು ಪಡುವಣಕ್ಕೆ ಸಂಪಾಜೆಯ ಘಟ್ಟವನ್ನಿಳಿದು ಮಂಗಳೂರಿಗೆ ಹೋಗಬೇಕು; ಇಲ್ಲವೆ ಮೂಡಣಕ್ಕೆ ಪಿರಿಯಾಪಟ್ಟಣ ಹುಣಸೂರುಗಳ ಮೇಲೆ ಮೈಸೂರಿಗೆ ಹೋಗಬೇಕು. ಕೊಡಗಿಗೆ ರೈಲು ಬರಲೇ ಇಲ್ಲ; ಇಂದಿಗೂ ಇಲ್ಲ. ಮೈಸೂರಿಗೆ ಬೆಂಗಳೂರಿನಿಂದ ರೈಲು ಬಂದುದು 1882ರಲ್ಲಿ; ಮಂಗಳೂರಿಗೆ ಮದರಾಸಿನ ಸಂಪರ್ಕವು ದೊರೆತುದು 1907ರಲ್ಲಿ. ಅದಕ್ಕೆ ಮುಂಚೆ ಮಳೆಗಾಲದಲ್ಲಿ ಘಟ್ಟವನ್ನಿಳಿಯುವುದೆಂದರೆ ಎತ್ತಿನ ಗಾಡಿಯ ಕೆಲವು ದಿನಗಳ ಪ್ರಯಾಣವಾಗಿದ್ದಿತು. ಕಾಲೇಜಿನ ವರ್ಷಾರಂಭವೂ ಮಳೆಯ ಆರಂಭವೂ ಒಂದೇ ಸಮಯಕ್ಕೆ ಕೂಡಿಬರುತ್ತಿದ್ದುದರಿಂದ ಈ ಕಷ್ಟವು ಇಮ್ಮಡಿಸುತ್ತಿದ್ದಿತು.

4. ದರ್ಜೆಯ ವಿಚಾರ

ಇಂದು ಕರ್ನಾಟಕದ ಪಟ್ಟಣಗಳಲ್ಲಿ ‘ಸರ್ಕಾರಿ ಪ್ರಥಮ ದರ್ಜೆ ಕಾಲೇಜು’ ಎಂಬ ಹಲಗೆಯನ್ನು ಕಾಣದವರು ಯಾರೂ ಇಲ್ಲ. ಆದರೆ ಎರಡನೆಯ ದರ್ಜೆಯ ಕಾಲೇಜು ಎಲ್ಲಿದೆಯೆಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಈ ಹೆಸರಿನ ಬೇರು 19ನೆಯ ಶತಮಾನದಲ್ಲಿದೆ. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯವು ತನಗೆ ಸೇರಿದ ಕಾಲೇಜುಗಳನ್ನು ಎರಡು ದರ್ಜೆಗಳಾಗಿ ವಿಂಗಡಿಸಿದ್ದಿತು. ಮೆಟ್ರಿಕ್ಯುಲೇಷನ್ನಿನ ಮೇಲೆ ಎರಡು ವರ್ಷ ಓದಿಸಿ ಎಫ್. ಎ. ಪರೀಕ್ಷೆಗೆ ಕಳುಹಿಸುವವು ದ್ವಿತೀಯ ದರ್ಜೆಯವು. ಇನ್ನೂ ಎರಡು ವರ್ಷ ಓದಿಸಿ ಬಿ. ಎ. ಪರೀಕ್ಷೆಗೆ ಕಳುಹಿಸುವವು ಪ್ರಥಮ ದರ್ಜೆಯವು. ಎಫ್. ಎ. ಎಂಬುದು ಮುಂದೆ ಇಂಟರ್‌ಮೀಡಿಯೇಟ್ ಎಂದಾಯಿತು. ದರ್ಜೆಯ ಹೆಸರು ಪಾಠದ ಗುಣವನ್ನು ಹೇಳುತ್ತಿರಲಿಲ್ಲ. ಪಾಠವು ಎಷ್ಟು ದೂರ ಹೋಗುವುದೆಂಬುದನ್ನು ಮಾತ್ರ ಹೇಳುತ್ತಿದ್ದಿತು.

ಮಂಗಳೂರಿನ ಸಂತ ಅಲೋಷಿಯಸ್ ಕಾಲೇಜು 1880ರಲ್ಲಿ ಪ್ರಾರಂಭವಾಗಿ, ಮೊದಲು ಎಫ್. ಎ. ವರೆಗೆ ಓದಿಸಿ, 1887ರಲ್ಲಿ ಬಿ. ಎ. ತರಗತಿಗಳನ್ನು ಪಡೆಯಿತು. ಅದಕ್ಕೆ ಹಿಂದೆಯೇ, 1868ರಲ್ಲಿ, ಹುಟ್ಟಿದ ಮಂಗಳೂರಿನ ಸರ್ಕಾರಿ ಕಾಲೇಜು ಬಹುಕಾಲ ದ್ವಿತೀಯ ದರ್ಜೆಯದಾಗಿಯೇ ನಡೆಯಿತು. ಮೈಸೂರಿನ ಮಹಾರಾಜಾ ಕಾಲೇಜು ಸಹ 1894ರಲ್ಲಿ ಪ್ರಥಮ ದರ್ಜೆಗೆ ಏರಿದುದು.

ಚಿಕ್ಕ ಕಾಲೇಜಿನಲ್ಲಿ ಎರಡು ವರ್ಷ ಓದಿದವನು ದೊಡ್ಡ ಕಾಲೇಜಿಗೆ ಹೋದಾಗ ಅವನನ್ನು ಯಾರೂ ಹಿಂದಕ್ಕೆ ತಳ್ಳಲಿಲ್ಲ. ಇದಕ್ಕೆ ಕಾರಣವು ವಿಶ್ವವಿದ್ಯಾನಿಲಯದ ರಚನೆಯಲ್ಲಿಯೇ ಇದ್ದಿತು. ಪಾಠ ಹೇಳುವ ಕೆಲಸ ಕಾಲೇಜಿನದು. ಪರೀಕ್ಷಿಸುವ ಕೆಲಸ ವಿಶ್ವವಿದ್ಯಾನಿಲಯದ್ದು. ಮಂಗಳೂರಿನ ಹುಡುಗನೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಹುಡುಗನೂ ಒಂದೇ ದಿನ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆಯುತ್ತಿದ್ದರು. ಉತ್ತರವನ್ನು ತಿದ್ದುವವನಿಗೆ ಅದು ಯಾವ ಕಟ್ಟಡದಲ್ಲಿ ಕಲಿತುದೆಂಬುದು ತಿಳಿಯುತ್ತಿರಲಿಲ್ಲ. ಈ ಏರ್ಪಾಡಿನಲ್ಲಿ ದೋಷಗಳು ಹಲವಿದ್ದುವು. ಓದೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡುವುದೆಂಬ ಭಾವನೆ ಬೇರೂರಿತೆಂದು ವಿದ್ಯಾವಂತರು ಅಂದಿನಿಂದಲೂ ದೂರಿದ್ದಾರೆ. ಆದರೆ ದೂರದ ಊರಿನ ಬಡಹುಡುಗನ ಮಟ್ಟಿಗೆ ಇದೇ ಏರ್ಪಾಡು ರಕ್ಷೆಯಾಯಿತೆಂಬುದನ್ನು ಮರೆಯಲಾಗದು. ಅವನು ಮನೆಯ ಹತ್ತಿರದಲ್ಲಿ, ಕಡಮೆ ವೆಚ್ಚದಲ್ಲಿ, ಮೊದಲಿನ ಎರಡು ವರ್ಷಗಳನ್ನು ಮುಗಿಸಬಹುದಾಗಿದ್ದಿತು. ಅಷ್ಟರಲ್ಲಿ ಮುಂದಿನ ಓದಿಗೆ ತನ್ನ ಬುದ್ಧಿ ಸಾಲುವುದೋ, ಮನೆಯ ಕಾಫಿ ಏಲಕ್ಕಿಗಳ ಬೆಲೆ ನಿಲ್ಲುವುದೋ ಎಂಬುದೂ ಗೊತ್ತಾಗುತ್ತಿದ್ದಿತು.

ಇಂತಹ ಏರ್ಪಾಡು ಬೇರೆ ದೇಶಗಳಲ್ಲಿಯೂ ಬೆಳೆದಿದೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಪಟ್ಟಣದಲ್ಲಿ, ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದ ಹಾರ್ಪರನ ಪ್ರೇರಣೆಯಿಂದ, 1901ರಲ್ಲಿ ಎರಡು ವರ್ಷಗಳ ಸಾರ್ವಜನಿಕ ಕಾಲೇಜು ಪ್ರಾರಂಭವಾಯಿತು. ಅದರ ಸಂತತಿಯೇ ಇಂದು ಅಲ್ಲಿ ಸಮುದಾಯ ಕಾಲೇಜುಗಳೆಂದು ಹೆಸರಾಗಿದೆ. ಅಲ್ಲಿ ಎರಡು ವರ್ಷ ಓದಿದವರು ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ ಪದವಿ ಪಡೆದು, ಆಮೇಲೆ ಲಾ ಸ್ಕೂಲಿಗೆ ಅರ್ಜಿ ಹಾಕುವರು. ಅಲ್ಲಿ ಪ್ರತಿಯೊಂದು ಕಾಲೇಜೂ ತನ್ನ ಪರೀಕ್ಷೆಯನ್ನು ತಾನೇ ನಡೆಯಿಸುವುದರಿಂದ ಅರ್ಜಿದಾರನು ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿಗಳನ್ನೂ ಒಪ್ಪಿಸಬೇಕು. ಎಲ್ಲರನ್ನೂ ಒಂದೇ ಅಳತೆಯಿಂದ ನೋಡಲು 1948ರಿಂದ ಲಾ ಸ್ಕೂಲುಗಳಿಗಾಗಿ ಒಂದು ಸಾಮಾನ್ಯ ಪ್ರವೇಶಪರೀಕ್ಷೆಯೂ ನಡೆಯುತ್ತ ಬಂದಿದೆ. ಆ ದೇಶದಲ್ಲಿ ನೆಲಸಿದ ಕನ್ನಡ ಮನೆತನಗಳ ಮಕ್ಕಳಿಗೆ ಈ ದಾರಿ ಹೊಸದಾಗಿ ತೋರಬಹುದು. ಅವರ ಮುತ್ತಜ್ಜಂದಿರು ಮಂಗಳೂರಿನಿಂದಲೋ ಮೈಸೂರಿನಿಂದಲೋ ಮದರಾಸಿಗೆ ಹೋದ ದಾರಿಯೂ ಇದನ್ನೇ ಹೋಲುತ್ತಿದ್ದಿತು.

5. ಮದರಾಸಿನ ಲಾ ಕಾಲೇಜು

ಮದರಾಸಿನಲ್ಲಿ ಮೊದಲು ಕಾಯಿದೆಯ ಪಾಠವು ಪ್ರೆಸಿಡೆನ್ಸಿ ಕಾಲೇಜಿನ ಒಂದು ಶಾಖೆಯಾಗಿ ನಡೆಯುತ್ತಿದ್ದಿತು. 1891ರಲ್ಲಿ ಲಾ ಕಾಲೇಜು ಪ್ರತ್ಯೇಕವಾಗಿ ಏರ್ಪಟ್ಟಿತು. ಹೈಕೋರ್ಟಿನ ಆವರಣದಲ್ಲಿಯೇ ಅದಕ್ಕೆ ಕೆಂಪುಕಲ್ಲಿನ ಬಣ್ಣದ ಭವ್ಯವಾದ ಕಟ್ಟಡವು ಸಿದ್ಧವಾಯಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಡಗು ಮುಂತಾದ ಸೀಮೆಗಳಿಂದ ಬಿ. ಎ. ಮುಗಿಸಿದ ಹುಡುಗರು ಬಿ. ಎಲ್. ಪದವಿಗಾಗಿ ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಸೇರಲು ವಿಶ್ವವಿದ್ಯಾನಿಲಯದ ಪದವಿ ಬೇಕಾಗಿದ್ದಿತು. ಮೊದಲಿನ ಎರಡು ವರ್ಷಗಳನ್ನು ಯಾವ ದರ್ಜೆಯ ಕಾಲೇಜಿನಲ್ಲಿ ಕಳೆದೆಯೆಂದು ಕೇಳುವ ಪದ್ಧತಿ ಇರಲಿಲ್ಲ. ಪದವಿಯಾದಮೇಲೆ ಹಿರಿಯ ವಕೀಲರೊಬ್ಬರ ಕೈಕೆಳಗೆ ಶಿಷ್ಯವೃತ್ತಿ ನಡೆಯಿಸಿ, ಅನಂತರ ಹೈಕೋರ್ಟಿನ ವಕೀಲಿಗೆ ನೋಂದಣಿ ಪಡೆಯಬೇಕಾಗಿದ್ದಿತು.

ಮೆಟ್ಟಿಲಿನ ನಡುವೆ ನಿಂತುಹೋದವರಿಗೂ ಒಂದು ದಾರಿಯಿದ್ದಿತು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆಯ ಕಾಲದಲ್ಲಿ ವಕೀಲ, ಪ್ಲೀಡರು, ಮುಖ್ತ್ಯಾರ ಎಂದು ನ್ಯಾಯವಾದಿಗಳಲ್ಲಿ ಹಲವು ವರ್ಗಗಳಿದ್ದುವು. ಮದರಾಸು ಆಧಿಪತ್ಯದಲ್ಲಿ ಕಾಲೇಜಿನ ಪದವಿಯಿಲ್ಲದವರೂ ಪ್ಲೀಡರಿಯ ಪರೀಕ್ಷೆಗೆ ಕುಳಿತು ಎರಡನೆಯ ದರ್ಜೆಯ ಪ್ಲೀಡರುಗಳಾಗಬಹುದಾಗಿದ್ದಿತು. ಅವರು ವಾದಿಸುತ್ತಿದ್ದುದು ಮುನಸೀಫರಂತಹ ಕೆಳಗಿನ ಕೋರ್ಟುಗಳಲ್ಲಿ. ಅವರಲ್ಲಿ ಬಹುಮಂದಿ ಊರಿನ ಭಾಷೆಯನ್ನೂ ಭೂಮಿಯ ಹಿಡುವಳಿಯನ್ನೂ ಹೈಕೋರ್ಟಿನ ವಕೀಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರ ಕಕ್ಷಿಗಾರನ ವ್ಯಾಜ್ಯವು ಮೇಲಕ್ಕೆ ಹೋದೊಡನೆ ಅದು ಅವರ ಕೈ ತಪ್ಪುತ್ತಿದ್ದಿತು.

ಹೆಂಗಸರಿಗೆ ಈ ಬಾಗಿಲು ಬಹುಕಾಲ ಮುಚ್ಚಿಯೇ ಇದ್ದಿತು. ಅವರು ನ್ಯಾಯವಾದಿಗಳಾಗುವುದಕ್ಕೆ ಇದ್ದ ತಡೆಯನ್ನು 1923ರ ಕಾಯಿದೆಯು ತೆಗೆದುಹಾಕಿತು. 1929ರಲ್ಲಿ ಮದರಾಸು ಹೈಕೋರ್ಟಿನಲ್ಲಿ ಮೊದಲನೆಯ ಮಹಿಳಾ ನ್ಯಾಯವಾದಿಯಾಗಿ ನೋಂದಣಿ ಪಡೆದ ಬಿ. ಆನಂದಬಾಯಿಯವರು ದಕ್ಷಿಣ ಕನ್ನಡ ಜಿಲ್ಲೆಯವರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿಯಾಗಿದೆ.

ಈ ದಾರಿಯಲ್ಲಿ ನಡೆದವರಲ್ಲಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರ ಜೀವನವು ಒಳ್ಳೆಯ ನಿದರ್ಶನವಾಗಿದೆ. ಕಾರ್ಕಳ ಸೀಮೆಯ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಅವರು ಮಂಗಳೂರಿನ ಸಂತ ಅಲೋಷಿಯಸ್ ಕಾಲೇಜಿನಲ್ಲಿಯೂ, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿ, ಮದರಾಸಿನ ಲಾ ಕಾಲೇಜಿನಲ್ಲಿ ಕಾಯಿದೆಯ ಪದವಿಯನ್ನು ಪಡೆದರು. ಜಿಲ್ಲೆಯ ಕೋರ್ಟಿನಲ್ಲಿ ವಕೀಲಿಯನ್ನು ಪ್ರಾರಂಭಿಸಿದ ಅವರು 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರೂ, 1967ರಲ್ಲಿ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರೂ ಆದರು. 1973ರ ಏಪ್ರಿಲ್ 24ರಂದು ತೀರ್ಪಾದ ಪ್ರಸಿದ್ಧವಾದ ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಸಂವಿಧಾನದ ಮೂಲರಚನೆಯನ್ನು ಪಾರ್ಲಿಮೆಂಟೂ ಕೆಡಿಸಲಾಗದೆಂದು ಹೇಳಿದ ಬಹುಮತದವರಲ್ಲಿ ಹೆಗ್ಡೆಯವರೊಬ್ಬರು. ಒಡನೆಯೇ ಅವರನ್ನೂ ಇನ್ನಿಬ್ಬರನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಲು ಅವರು ರಾಜೀನಾಮೆಯಿತ್ತರು. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದು, 2017ರಿಂದ 2022ರವರೆಗೆ ಭಾರತದ ಅಟಾರ್ನಿ ಜನರಲ್ ಆಗಿದ್ದ ಕೆ. ಕೆ. ವೇಣುಗೋಪಾಲರು ಸಹ ಸಂತ ಅಲೋಷಿಯಸ್ ಕಾಲೇಜು, ಮದರಾಸಿನ ಕ್ರಿಶ್ಚಿಯನ್ ಕಾಲೇಜು, ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜು ಎಂಬ ಮೂರು ಮೆಟ್ಟಿಲುಗಳನ್ನು ಏರಿದವರೇ ಆಗಿದ್ದಾರೆ.

6. ಘಟ್ಟದ ಮೇಲಿನವರು

ಮೈಸೂರು ಸಂಸ್ಥಾನದವರ ಸ್ಥಿತಿಯೂ ಕೊಡಗಿನ ಸ್ಥಿತಿಗಿಂತ ಬಹಳ ಬೇರೆಯಾಗಿರಲಿಲ್ಲ. ಅವರಿಗೆ 1916ರಿಂದ ತಮ್ಮದೇ ವಿಶ್ವವಿದ್ಯಾನಿಲಯವಿದ್ದರೂ, ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ತೆರೆದುದು 1948ರಲ್ಲಿ. ಅದುವರೆಗೆ ಅವರು ಪುಣೆ, ಮುಂಬಯಿ, ಮದರಾಸುಗಳನ್ನು ಆಶ್ರಯಿಸಬೇಕಾಗಿದ್ದಿತು. ಎಸ್. ನಿಜಲಿಂಗಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಎ. ಮುಗಿಸಿ ಪುಣೆಯ ಲಾ ಕಾಲೇಜಿಗೆ ಹೋದರು; ಕೆಂಗಲ್ ಹನುಮಂತಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಿಂದ ಅದೇ ಪುಣೆಗೆ ಹೋದರು. ಧಾರವಾಡದ ಕಡೆಯ ಆಲೂರು ವೆಂಕಟರಾಯರೂ, ವಚನಸಾಹಿತ್ಯವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರೂ ಮುಂಬಯಿಯಲ್ಲಿ ಕಾಯಿದೆಯನ್ನು ಓದಿದವರು. ಏಕೀಕರಣಕ್ಕಾಗಿ ದುಡಿದವರಲ್ಲಿ ವಕೀಲರು ಇಷ್ಟು ಮಂದಿ ಇದ್ದುದೇಕೆಂದು ಯೋಚಿಸಿದರೆ ಒಂದು ಅಂಶ ಹೊಳೆಯುತ್ತದೆ. ಕಾಯಿದೆಯ ಓದಿಗಾಗಿ ಹೊರಗೆ ಹೋದ ಕನ್ನಡಿಗರಿಗೆ ತಮ್ಮ ನಾಡು ಎಷ್ಟು ಭಾಗಗಳಾಗಿ ಹರಿದುಹೋಗಿದೆಯೆಂಬುದು ಮನೆಯಲ್ಲಿ ಕುಳಿತವರಿಗಿಂತ ಮೊದಲೇ ಗೋಚರವಾಯಿತು.

1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿತು. ಆ ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಗಳು ಮೇಲೆ ಹೇಳಿದ ನಿಜಲಿಂಗಪ್ಪನವರೇ. ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮಡಿಕೇರಿಯ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯಕ್ಕೂ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೂ ಸೇರಿತು. 1957ರಲ್ಲಿ ಉಡುಪಿಯಲ್ಲಿ ವೈಕುಂಠ ಬಾಳಿಗಾ ಲಾ ಕಾಲೇಜು ಪ್ರಾರಂಭವಾದುದರಿಂದ ಕರಾವಳಿಯ ಹುಡುಗರ ಮದರಾಸಿನ ಪ್ರಯಾಣವು ನಿಂತಿತು. ಮೈಸೂರು, ಮಂಗಳೂರುಗಳಲ್ಲಿಯೂ, ಕೊಡಗಿನ ಗಡಿಗೆ ಹತ್ತಿರದ ಪುತ್ತೂರು ಸುಳ್ಯಗಳಲ್ಲಿಯೂ ಲಾ ಕಾಲೇಜುಗಳು ತೆರೆದುವು.

7. ಹೊಸ ನಿಯಮಗಳು

1961ರ ಅಡ್ವೊಕೇಟ್ಸ್ ಕಾಯಿದೆಯು ವಕೀಲ ಪ್ಲೀಡರು ಮುಖ್ತ್ಯಾರರೆಂಬ ಹಳೆಯ ವರ್ಗಗಳನ್ನು ಅಳಿಸಿ ಎಲ್ಲರನ್ನೂ ಅಡ್ವೊಕೇಟರನ್ನಾಗಿ ಮಾಡಿತು. ಅಂದಿನಿಂದ ವಿರಾಜಪೇಟೆಯ ಕೋರ್ಟಿನ ನ್ಯಾಯವಾದಿಗೂ ದೆಹಲಿಯ ನ್ಯಾಯವಾದಿಗೂ ಹೆಸರು ಒಂದೇ ಆಯಿತು. ಅದರೊಡನೆ ಪದವಿಯಿಲ್ಲದೆ ಪರೀಕ್ಷೆ ಕೊಟ್ಟು ಪ್ಲೀಡರಾಗುವ ಸಣ್ಣ ಬಾಗಿಲು ಮುಚ್ಚಿಹೋಯಿತು. 1967ರ ಮಾರ್ಚ್ 12ರ ಬಳಿಕ, ಪದವಿಯ ಮೇಲೆ ಮೂರು ವರ್ಷ ಕಾಯಿದೆಯನ್ನು ಓದಿದವರಿಗೇ ನೋಂದಣಿಯೆಂದು ನಿಯಮವಾಯಿತು.

1980ರ ದಶಕದಲ್ಲಿ ಮತ್ತೊಂದು ಮಾರ್ಪಾಡಾಯಿತು. ಪಿ. ಯು. ಸಿ. ಮುಗಿಸಿದವರನ್ನು ನೇರವಾಗಿ ತೆಗೆದುಕೊಂಡು ಐದು ವರ್ಷಗಳಲ್ಲಿ ಎರಡು ಪದವಿಗಳನ್ನು ಕೊಡುವ ವ್ಯಾಸಂಗಕ್ರಮವನ್ನು ಬಾರ್ ಕೌನ್ಸಿಲು ಏರ್ಪಡಿಸಿತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ಎನ್. ಆರ್. ಮಾಧವ ಮೆನನ್ನರ ನೇತೃತ್ವದಲ್ಲಿ ಈ ಕ್ರಮವನ್ನು ಹಿಡಿದು ದೇಶದಲ್ಲಿಯೇ ಹೆಸರಾಯಿತು. ಇಂತಹ ವಿಶ್ವವಿದ್ಯಾನಿಲಯಗಳಿಗಾಗಿ 2008ರಿಂದ ಸಾಮಾನ್ಯ ಪ್ರವೇಶಪರೀಕ್ಷೆ ನಡೆಯುತ್ತಿದೆ. ಈ ಕ್ರಮದಿಂದ ಕಾಯಿದೆಯ ಪಾಠದ ಮಟ್ಟವು ಏರಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹದಿನೇಳು ಹದಿನೆಂಟು ವಯಸ್ಸಿನಲ್ಲಿಯೇ ತನ್ನ ದಾರಿಯನ್ನು ಅರಿತು, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಲು ಸಿದ್ಧನಾದವನಿಗೆ ಮಾತ್ರ ಆ ಬಾಗಿಲು ತೆರೆಯುತ್ತಿದ್ದಿತು. ಊರಿನ ಹತ್ತಿರದ ಕಾಲೇಜಿನಲ್ಲಿ ಕನ್ನಡದಲ್ಲಿ ಓದಿ, ಪದವಿಯ ಹೊತ್ತಿಗೆ ಎಚ್ಚತ್ತವನಿಗೆ ಆ ಶಾಲೆಗಳಲ್ಲಿ ಬಹುಕಾಲ ಎಡೆಯಿರಲಿಲ್ಲ. 2008ರ ಕಾಯಿದೆ ಶಿಕ್ಷಣ ನಿಯಮಗಳು ಐದು ವರ್ಷದ ವ್ಯಾಸಂಗದೊಳಕ್ಕೆ, ತಾನು ಪದವೀಧರನೆಂಬ ಆಧಾರದ ಮೇಲೆ, ನಡುವಿನಿಂದ ಸೇರುವುದನ್ನು ನಿಷೇಧಿಸಿದುವು. ಮುಕ್ತ ವಿಶ್ವವಿದ್ಯಾನಿಲಯದ ಪದವೀಧರರ ವಿಷಯದಲ್ಲಿಯೂ ಅವು ಒಂದು ಭೇದವನ್ನು ಮಾಡಿವೆ. ಕೆಳಗಿನ ಮೆಟ್ಟಿಲುಗಳನ್ನು ಕ್ರಮವಾಗಿ ಏರಿ ದೂರಶಿಕ್ಷಣದಲ್ಲಿ ಪದವಿ ಪಡೆದವರು ಅರ್ಹರು. ಆ ಮೆಟ್ಟಿಲುಗಳಿಲ್ಲದೆ ನೇರವಾಗಿ ಪದವಿ ಪಡೆದವರು ಅನರ್ಹರು.

ಮೂರು ವರ್ಷದ ಹಳೆಯ ದಾರಿ ಮಾತ್ರ ಅಳಿಯಲಿಲ್ಲ. ಅಂಗೀಕೃತವಾದ ಯಾವುದೇ ವಿಶ್ವವಿದ್ಯಾನಿಲಯದ ಪದವಿಯಲ್ಲಿ ನೂರಕ್ಕೆ 45 ಅಂಕಗಳನ್ನು, ಪರಿಶಿಷ್ಟ ಜಾತಿ ಪಂಗಡಗಳವರಾದರೆ 40 ಅಂಕಗಳನ್ನು, ಪಡೆದವರು ಇದಕ್ಕೆ ಅರ್ಹರು. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಸಾವಿರಾರು ಮಂದಿ ಈ ದಾರಿಯಲ್ಲಿಯೇ ಓದುತ್ತಿರುವರು. 2022ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ಸಹ ಪದವೀಧರರಿಗಾಗಿ ಮೂರು ವರ್ಷದ ತರಗತಿಯನ್ನು ತೆರೆಯಿತು. ಗೋಣಿಕೊಪ್ಪಲಿನಲ್ಲಿಯೋ ವಿರಾಜಪೇಟೆಯಲ್ಲಿಯೋ ಪದವಿ ಪಡೆದವನು ಅಲ್ಲಿಯ ಪ್ರವೇಶಪರೀಕ್ಷೆಗೆ ಕೂಡಬಹುದು. ಹಳೆಯ ಎರಡನೆಯ ಮೆಟ್ಟಿಲು ಹೀಗೆ ಹೊಸ ರೂಪದಲ್ಲಿ ಮರಳಿ ಬಂದಂತಾಯಿತು.

8. ಮರಳಿ ಸಿದ್ದಾಪುರಕ್ಕೆ

ಇಷ್ಟೆಲ್ಲ ಇತಿಹಾಸದಿಂದ ಇಂದಿನ ಸಿದ್ದಾಪುರಕ್ಕೆ ಏನು ಪ್ರಯೋಜನವೆಂದು ಕೇಳಬಹುದು. ಈ ಸೀಮೆಯ ವ್ಯಾಜ್ಯಗಳು ಮುಗಿದಿಲ್ಲವೆಂಬುದೇ ಇದಕ್ಕೆ ಉತ್ತರ. ಸಿದ್ದಾಪುರದ ಸಮೀಪದ ಮಾಲ್ದಾರೆಯ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆಯವರು ಎಬ್ಬಿಸಿದರು, ಗುಡಿಸಲುಗಳು ನೆಲಸಮವಾದುವು. ಅವರಲ್ಲಿ ಬಹುಮಂದಿ ತೋಟಗಳ ಲೈನುಮನೆಗಳನ್ನು ಬಿಟ್ಟು ಬಂದವರಾಗಿದ್ದರು. ದೀರ್ಘವಾದ ಹೋರಾಟದ ಬಳಿಕ ಹಲವರಿಗೆ ಕುಶಾಲನಗರದ ಕಡೆಯ ಬಸವನಹಳ್ಳಿ ಬ್ಯಾಡಗೊಟ್ಟಗಳಲ್ಲಿ ನೆಲೆ ದೊರೆಯಿತು. 2018, 2019ರ ಮಳೆಗಾಲಗಳಲ್ಲಿ ಕಾವೇರಿಯು ಉಕ್ಕಿ ಕರಡಿಗೋಡು, ಗುಹ್ಯ ಮುಂತಾದ ಹೊಳೆದಡದ ಮನೆಗಳಿಗೆ ನುಗ್ಗಿದಾಗಲೂ ಅದೇ ಪ್ರಶ್ನೆ ಎದ್ದಿತು: ಮುಳುಗಿದ ಮನೆಯ ನೆಲಕ್ಕೆ ಪತ್ರವಿದೆಯೇ? 2006ರ ಅರಣ್ಯಹಕ್ಕು ಕಾಯಿದೆಯು ಪತ್ರವಿಲ್ಲದವರಿಗೂ ಹಕ್ಕನ್ನು ಹೇಳುತ್ತದೆ. ಆದರೆ ಆ ಹಕ್ಕನ್ನು ಕೇಳುವ ಅರ್ಜಿಯನ್ನು ಯಾರಾದರೂ ಬರೆಯಬೇಕು. ಬರೆದುದನ್ನು ಯಾರಾದರೂ ನಿಂತು ವಾದಿಸಬೇಕು.

ಕೊಡಗಿನವರು ನಿಂತು ಕೇಳಿದಾಗ ಕಾಯಿದೆಯು ಕಿವಿಗೊಟ್ಟ ನಿದರ್ಶನವೂ ಉಂಟು. ವಿರಾಜಪೇಟೆಯಲ್ಲಿ ಹುಟ್ಟಿ, ಮಡಿಕೇರಿಯ ಶಾಲೆಯಿಂದ ಮದರಾಸಿನ ಕಾಲೇಜುಗಳಿಗೆ ಹೋಗಿ, ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲನೆಯ ಮಹಿಳೆಯಾದ ಸಿ. ಬಿ. ಮುತ್ತಮ್ಮನವರು, ಹೆಂಗಸೆಂಬ ಕಾರಣದಿಂದ ತಮಗೆ ಬಡ್ತಿ ತಪ್ಪಿತೆಂದು ಸುಪ್ರೀಮ್ ಕೋರ್ಟಿನಲ್ಲಿ ಅರ್ಜಿ ಹಾಕಿದರು. 1979ರಲ್ಲಿ ಅದು ತೀರ್ಮಾನವಾಗುವ ವೇಳೆಗೆ ಸರ್ಕಾರವೇ ಅವರಿಗೆ ಬಡ್ತಿಯನ್ನು ಕೊಟ್ಟಿದ್ದಿತು. ಮದುವೆಯಾಗಲು ಹೆಂಗಸರು ಸರ್ಕಾರದ ಅಪ್ಪಣೆ ಬೇಡಬೇಕೆಂಬ ಸೇವಾನಿಯಮವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರರು ತಮ್ಮ ತೀರ್ಪಿನಲ್ಲಿ ಕಟುವಾಗಿ ಖಂಡಿಸಿದರು. ಲಂಡನ್ನಿನಲ್ಲಿ ಅರಸನಿಗೆ ದೊರೆಯದ ಕಿವಿಯು ಸ್ವತಂತ್ರ ಭಾರತದಲ್ಲಿ ಆ ನಾಡಿನ ಮಗಳೊಬ್ಬಳಿಗೆ ದೊರೆಯಿತು.

ಮನೆಯಲ್ಲಿ ಮೊದಲು ಓದಿದವನಿಗೆ ಚಿಕ್ಕ ಕಾಲೇಜಿನ ಹೆಸರನ್ನು ಹೇಳಿಕೊಳ್ಳಲು ಇಂದಿಗೂ ಒಂದು ಸಂಕೋಚವಿದೆ. ದೊಡ್ಡ ಊರಿನ ಲಾ ಕಾಲೇಜಿಗೆ ಅರ್ಜಿ ಬರೆಯುವಾಗ, ತಾನು ಓದಿದ ಕಾಲೇಜನ್ನು ಅಲ್ಲಿಯವರು ಕೇಳಿಯೂ ಇರಲಾರರೆಂದು ಅವನ ಕೈ ತಡೆಯುತ್ತದೆ. ಹಿಂದಿನವರಿಗೂ ಈ ಸಂಕೋಚ ಇದ್ದಿರಬೇಕು. ಅಂದು ಅವರ ಕಾಲೇಜಿನ ಹಲಗೆಯ ಮೇಲೆಯೇ ಎರಡನೆಯ ದರ್ಜೆಯೆಂದು ಬರೆದಿದ್ದಿತು. ಆದರೂ ಅವರು ಎರಡು ವರ್ಷ ಅಲ್ಲಿ ಓದಿ, ಮುಂದಿನ ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟಿ, ಹೈಕೋರ್ಟಿನ ಆವರಣದವರೆಗೆ ಹೋಗಿ ಬಂದರು. ವಿಶ್ವವಿದ್ಯಾನಿಲಯವು ಅವರ ಕೆಳಗಿನ ಮೆಟ್ಟಿಲನ್ನು ಮೇಲಿನ ಮೆಟ್ಟಿಲಿಗೆ ಭದ್ರವಾಗಿ ಸೇರಿಸಿಟ್ಟಿದ್ದುದರಿಂದ ಅದು ಸಾಧ್ಯವಾಯಿತು. ನಿಯಮಗಳನ್ನು ಮಾಡುವವರು ಈ ಜೋಡಣೆಯನ್ನು ಎಲ್ಲಿಯವರೆಗೆ ಕಾಯುವರೋ ಅಲ್ಲಿಯವರೆಗೆ ಲೈನುಮನೆಯ ಹುಡುಗಿಯೊಬ್ಬಳು ಸಿದ್ದಾಪುರದ ಸೇತುವೆಯನ್ನು ದಾಟಿ ಬಸ್ಸು ಹತ್ತಿ, ಹತ್ತಿರದ ಕಾಲೇಜಿನಲ್ಲಿ ಪದವಿ ಮುಗಿಸಿ, ಮುಂದೊಂದು ದಿನ ಕರಿಯ ನಿಲುವಂಗಿಯನ್ನು ತೊಟ್ಟು ವಿರಾಜಪೇಟೆಯ ಕೋರ್ಟಿನಲ್ಲಿ ತನ್ನವರ ಅರ್ಜಿಯನ್ನು ತಾನೇ ಓದುವುದು ಅಸಾಧ್ಯವಾದ ಮಾತಾಗಲಾರದು.